ಪ್ರಸಂಗಕ್ಕೊಂದು ದೃಷ್ಟಾಂತ

ಧರ್ಮವನ್ನು ಬೋಧಿಸುವವನಿಗೆ, ಅವನು ಯಾವ ಮತದವನೇ ಆಗಲಿ, ಒಂದು ತೊಡಕು ತಪ್ಪಿದ್ದಲ್ಲ. ತತ್ತ್ವ ಗ್ರಂಥದಲ್ಲಿ ಸಿಕ್ಕುತ್ತದೆ. ದೃಷ್ಟಾಂತವನ್ನು ಮಾತ್ರ ಅವನು ಬೀದಿಯಿಂದಲೇ ತರಬೇಕು. ತ್ಯಾಗರಾಜನಗರ, ಬಸವನಗುಡಿಗಳ ರಾಮನವಮಿ ಚಪ್ಪರಗಳಲ್ಲಿ ಹರಿಕಥೆ ಕೇಳಿದವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ದಾಸರು ಮೂಲಕಥೆಯನ್ನು ಅರ್ಧಕ್ಕೆ ನಿಲ್ಲಿಸಿ, ಚಿಟಿಕೆಯನ್ನು ಒಮ್ಮೆ ಝಲ್ಲೆನಿಸಿ, ಒಂದು ಉಪಕಥೆಯನ್ನು ಎತ್ತಿಕೊಂಡರೆ ತೂಕಡಿಸುತ್ತಿದ್ದ ಸಭೆಯೂ ಎಚ್ಚರಗೊಳ್ಳುತ್ತದೆ. ಆ ಉಪಕಥೆಯಲ್ಲಿ ಬರುವುದು ವೈಕುಂಠವಲ್ಲ. ನಮ್ಮ ಪಕ್ಕದ ಮನೆಯ ಸೊಸೆ, ತೂಕದಲ್ಲಿ ಮೋಸ ಮಾಡುವ ಶೆಟ್ಟಿ, ಸಾಲ ಕೇಳಲು ಬಂದ ಅಳಿಯ.

ಇದೇ ತೊಡಕು ಕನ್ನಡನಾಡಿನಲ್ಲಿ ಕ್ರೈಸ್ತ ಉಪದೇಶಕರಿಗೂ ಒದಗಿತು. ಅದನ್ನು ಬಿಡಿಸಿಕೊಳ್ಳಲು ಅವರು ನಡೆಸಿದ ಹುಡುಕಾಟವನ್ನು ನಮ್ಮ ಸಾಹಿತ್ಯ ಚರಿತ್ರೆಗಳು ನಿಘಂಟು, ವ್ಯಾಕರಣ, ಮುದ್ರಣಾಲಯ ಎಂಬ ಅಧ್ಯಾಯಗಳಲ್ಲಿ ಹೇಳುತ್ತವೆ. ತರಗತಿಯಲ್ಲಿ ನಾವೂ ಹಾಗೆಯೇ ಪಾಠ ಹೇಳುತ್ತೇವೆ. ಆದರೆ ಆ ನಿಘಂಟಿನ ಹಿಂದೆ ಒಂದು ಪ್ರಸಂಗಪೀಠವಿತ್ತೆಂಬುದನ್ನೂ, ಅಲ್ಲಿ ನಿಂತವನಿಗೆ ಮುಂದಿನ ಭಾನುವಾರಕ್ಕೆ ಒಂದು ಹೋಲಿಕೆ ಬೇಕಾಗಿತ್ತೆಂಬುದನ್ನೂ ಮರೆಯುತ್ತೇವೆ.

ಮೊದಲು ಪದಗಳನ್ನು ಗಮನಿಸೋಣ. ದೇವಾಲಯದಲ್ಲಿ ಆ ದಿನಕ್ಕೆ ಗೊತ್ತುಮಾಡಿದ ಬೈಬಲ್ ಪಾಠವನ್ನು ಓದಿ ಅದರ ಮೇಲೆ ಆಡುವ ಮಾತಿಗೆ ಪ್ರೊಟೆಸ್ಟೆಂಟರು 'ಪ್ರಸಂಗ'ವೆನ್ನುತ್ತಾರೆ, ಕಥೋಲಿಕರಲ್ಲಿ 'ಪ್ರಬೋಧನೆ'. ಕರಾವಳಿಯವರ ಕಿವಿಗೆ ಪ್ರಸಂಗವೆಂದರೆ ಯಕ್ಷಗಾನದ ಪ್ರಸಂಗ. ಈ ನಂಟು ಆಕಸ್ಮಿಕವೇ ಇರಬಹುದು, ಆದರೂ ಸೊಗಸಾಗಿದೆ. ಯೇಸುಸ್ವಾಮಿ ಹೇಳಿದ ದೃಷ್ಟಾಂತ ಕಥೆಗಳಿಗೆ ಹಳೆಯ ಕನ್ನಡ ಬೈಬಲ್ 'ಸಾಮ್ಯ' ಎಂಬ ಮಾತನ್ನು ಬಳಸಿತು. ಕಥೋಲಿಕರ ಅನುವಾದದಲ್ಲಿ ಅದು 'ಸಾಮತಿ'. ಸಾಮ್ಯವೆಂದರೆ ಒಂದರಂತೆ ಇನ್ನೊಂದು ಇರುವುದು. ತೊಂದರೆ ಇರುವುದು ಅಲ್ಲಿಯೇ. ಗಲಿಲಾಯದ ಹೊಲದಂತೆ ನಮ್ಮ ಹೊಲವಿಲ್ಲ.

ಬಿತ್ತುವವನ ಸಾಮ್ಯವನ್ನೇ ತೆಗೆದುಕೊಳ್ಳಿ. ಅಲ್ಲಿ ಬಿತ್ತುವವನು ಬೀಜವನ್ನು ಚೆಲ್ಲುತ್ತ ಹೋಗುತ್ತಾನೆ. ಕೆಲವು ದಾರಿಯಲ್ಲಿ, ಕೆಲವು ಬಂಡೆಯ ಮೇಲೆ, ಕೆಲವು ಮುಳ್ಳಿನ ನಡುವೆ ಬೀಳುತ್ತವೆ. ನಮ್ಮ ರೈತ ಚೆಲ್ಲು ಬಿತ್ತನೆಯನ್ನು ಅರಿಯದವನಲ್ಲ. ಆದರೂ ಕೂರಿಗೆ ಹೂಡಿ ರಾಗಿಯನ್ನೋ ಜೋಳವನ್ನೋ ಸಾಲುಹಿಡಿದು ಬಿತ್ತಿದವನಿಗೆ ದಾರಿಯ ಮೇಲೆ ಕಾಳು ಚೆಲ್ಲುವವನು ದೇವರ ವಾಕ್ಯ ಸಾರುವವನಂತೆ ಕಾಣುವ ಮೊದಲು ಕೈ ಬಿಗಿಯಿಲ್ಲದ ಒಕ್ಕಲಿಗನಂತೆ ಕಂಡರೆ ಆಶ್ಚರ್ಯವಲ್ಲ. ಹಿಟ್ಟನ್ನೆಲ್ಲ ಉಬ್ಬಿಸುವ ಹುದುಗಿನ ಸಾಮ್ಯಕ್ಕೆ ಕನ್ನಡ ಬೈಬಲ್ 'ಹುಳಿಹಿಟ್ಟು' ಎಂದಿತು. ದೋಸೆಯ ನಾಡಿನಲ್ಲಿ ಅದು ಬೇಗ ತಿಳಿಯುತ್ತದೆ. ರಾತ್ರಿ ಒಂದು ತೊಟ್ಟು ಹೆಪ್ಪು ಹಾಕಿ ಬೆಳಗ್ಗೆ ಗಡಿಗೆ ತುಂಬ ಮೊಸರು ಕಂಡ ಗೃಹಿಣಿಗೆ ಇನ್ನೂ ಬೇಗ ತಿಳಿಯುತ್ತದೆ. ದ್ರಾಕ್ಷಿಯ ತೋಟವಂತೂ ಬೆಂಗಳೂರಿನ ಸುತ್ತಲಿನವರಿಗೆ ಹೊಸದಲ್ಲ. ಇಲ್ಲಿಯ ನೀಲಿ ದ್ರಾಕ್ಷಿ ಊರಿನ ಹೆಸರನ್ನೇ ಹೊತ್ತಿದೆ.

ಸಾಸಿವೆಯ ಕಾಳಿನ ಸಾಮ್ಯ ಇವೆಲ್ಲಕ್ಕಿಂತ ಬಿಕ್ಕಟ್ಟಿನದು. ಎಲ್ಲಕ್ಕಿಂತ ಚಿಕ್ಕ ಕಾಳು ಬೆಳೆದು ಹಕ್ಕಿಗಳು ತಂಗುವ ಮರವಾಗುತ್ತದೆಂಬುದು ಅಲ್ಲಿಯ ಮಾತು. ನಮ್ಮ ಸಾಸಿವೆ ಒಗ್ಗರಣೆ ಡಬ್ಬಿಯದು. ಹೊಲದ ಅಂಚಿನ ಆ ಗಿಡದಲ್ಲಿ ಗೂಡು ಕಟ್ಟುವ ಹಕ್ಕಿಯನ್ನು ಯಾರೂ ಕಂಡಿಲ್ಲ. ಮೇಲಾಗಿ ಧರ್ಮದ ಮಾತಿನ ನಡುವೆ ಸಾಸಿವೆ ಎಂದೊಡನೆ ಕನ್ನಡಿಗನಿಗೆ ನೆನಪಾಗುವುದು ಸಾವಿಲ್ಲದ ಮನೆಯ ಸಾಸಿವೆಗಾಗಿ ಅಲೆದ ಆ ತಾಯಿ ಮತ್ತು ಅವಳನ್ನು ಕಳುಹಿಸಿದ ಬುದ್ಧ. ಇದರ ಬದಲು ಉಪದೇಶಕನು ಆಲದ ಬೀಜವನ್ನು ತೋರಿಸಬಹುದಲ್ಲ? ಕಣ್ಣಿಗೆ ಕಾಣದಷ್ಟು ಸಣ್ಣ ಬೀಜ, ಸಾವಿರ ಹಕ್ಕಿಗಳ ಮರ. ಮೈಸೂರು ರಸ್ತೆಯಾಚೆಯ ದೊಡ್ಡಾಲದ ಮರವನ್ನು ನೋಡಿದವರಿಗೆ ವ್ಯಾಖ್ಯಾನವೇ ಬೇಡ. ಆದರೆ ಆಲದ ಬೀಜವೂ ಬರಿಗೈಯಲ್ಲಿ ಬರುವುದಿಲ್ಲ. ಛಾಂದೋಗ್ಯದಲ್ಲಿ ಉದ್ದಾಲಕನು ಮಗ ಶ್ವೇತಕೇತುವಿನಿಂದ ಒಡೆಯಿಸಿದ ಬೀಜವೇ ಅದು. ಅದರ ಹಿಂದೆ ಜೀವ ಬ್ರಹ್ಮಗಳ ಸಿದ್ಧಾಂತವೊಂದು ನಿಂತಿದೆ. ಹೋಲಿಕೆಯನ್ನು ಎರವಲು ತಂದವನ ಮನೆಗೆ ಅದರ ಬಳಗವೂ ಹಿಂದೆಯೇ ಬರುತ್ತದೆ.

ಈಗ ಚರಿತ್ರೆಗೆ ಬರೋಣ. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದರು. ಅವರೂ ಅವರ ಸಂಗಡಿಗರೂ ದುಡಿದು 1831ರ ಹೊತ್ತಿಗೆ ಇಡೀ ಬೈಬಲನ್ನು ಕನ್ನಡಕ್ಕೆ ತಂದರು. ಅದೇ ಬಳಗದ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ, 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟುಗಳನ್ನು ಹೊರತಂದರು. ಗ್ರಂಥ ಕೈಗೆ ಬಂತು, ಕೋಶವೂ ಬಂತು. ಆದರೆ ಸಂತೆಯಲ್ಲಿ, ಜಾತ್ರೆಯಲ್ಲಿ ನಿಂತು ಮಾತನಾಡುವವನಿಗೆ ಕೋಶದಿಂದ ಏನಾದೀತು? ಸಂತೆಯ ಜನ ದೇವಾಲಯದ ಸಭೆಯಂತೆ ಕೈಕಟ್ಟಿ ಕೇಳುವವರಲ್ಲ. ಅವರು ಮಾತಿಗೆ ಮಾತು ಕೊಡುತ್ತಾರೆ. ಆ ಮಾತು ಬಹುಮಟ್ಟಿಗೆ ಗಾದೆಯ ರೂಪದಲ್ಲಿರುತ್ತದೆ. ಉಪದೇಶಕರು ತಮ್ಮ ಗ್ರಂಥವನ್ನು 'ಸತ್ಯವೇದ'ವೆಂದು ಕರೆದರು. ವೇದ ಸುಳ್ಳಾದರೂ ಗಾದೆ ಸುಳ್ಳಾಗದೆಂದು ನಂಬಿದ ಜನದ ಎದುರಿಗೆ ಆ ಹೆಸರನ್ನು ಹಿಡಿದು ನಿಂತವನು ಗಾದೆಯನ್ನು ಕಲಿಯದೆ ಮುಂದುವರಿಯುವಂತಿರಲಿಲ್ಲ.

ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಎರಡು ವರ್ಷಗಳ ಮೇಲೆ ಅಲ್ಲಿಗೆ ಬಂದ ಹೆರ್ಮನ್ ಮೋಗ್ಲಿಂಗ್ (1811–1881) ಈ ಅಗತ್ಯವನ್ನು ಚೆನ್ನಾಗಿ ಕಂಡುಕೊಂಡವರು. 1843ರ 'ಮಂಗಳೂರ ಸಮಾಚಾರ'ದಿಂದ ಅವರ ಹೆಸರು ಎಲ್ಲರಿಗೂ ಗೊತ್ತು. ಅದಕ್ಕಿಂತಲೂ ಹಿರಿದು, ನೀಲಗಿರಿಯಲ್ಲಿ ನೆಲಸಿದ್ದ ಕ್ಯಾಸಮೇಜರ್ ಎಂಬ ನಿವೃತ್ತ ಅಧಿಕಾರಿಯ ಧನಸಹಾಯದಿಂದ 1848ರಿಂದ ಐದಾರು ವರ್ಷಗಳಲ್ಲಿ ಕಲ್ಲಚ್ಚಿನಲ್ಲಿ ಹೊರಟ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಗ್ರಂಥಮಾಲೆ. ಜೈಮಿನಿ ಭಾರತ, ಬಸವಪುರಾಣ, ಚನ್ನಬಸವಪುರಾಣ, ದಾಸರ ಪದಗಳು ಅಚ್ಚಿನ ಮುಖವನ್ನು ಕಂಡದ್ದು ಹೀಗೆ. ಇತ್ತ ಬೆಂಗಳೂರಿನಲ್ಲಿ 1849ರಲ್ಲಿ ಗ್ಯಾರೆಟ್ ಅವರ ಸಂಪಾದನೆಯಲ್ಲಿ ಭಗವದ್ಗೀತೆ ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರರಲ್ಲಿಯೂ ಒಟ್ಟಿಗೆ ಅಚ್ಚಾಯಿತು. ಕ್ರಿಸ್ತನನ್ನು ಸಾರಲು ಬಂದವರು ಬಸವಣ್ಣನನ್ನೂ ಪುರಂದರದಾಸರನ್ನೂ ಅಚ್ಚು ಹಾಕಿಸಿದರು!

ಇದನ್ನು ಬರಿಯ ಔದಾರ್ಯವೆಂದು ಹೊಗಳಿ ಮುಗಿಸುವುದು ಸರಿಯಲ್ಲ. ಉಪದೇಶಕರಿಗೆ ದಾಸರ ಪದಗಳಲ್ಲಿ ಎರಡು ಬಗೆಯ ಲಾಭ ಕಂಡಿತು. ಒಂದು, ದೇವರೆದುರು ಮನುಷ್ಯ ತನ್ನ ಕುಂದನ್ನು ಒಪ್ಪಿಕೊಳ್ಳುವ ಕನ್ನಡ ಭಾಷೆ ಅಲ್ಲಿ ಸಿದ್ಧವಾಗಿತ್ತು. ದೈನ್ಯ, ಶರಣಾಗತಿ, ಕೃಪೆ ಎಂಬ ಭಾವಗಳಿಗೆ ಬೇರೆ ಮಾತು ಹುಡುಕಬೇಕಾಗಿರಲಿಲ್ಲ. ಇನ್ನೊಂದು, ಡಾಂಭಿಕ ಮಡಿಯನ್ನೂ ಒಣ ಆಚಾರವನ್ನೂ ದಾಸರೂ ಶರಣರೂ ಟೀಕಿಸಿದ್ದ ಮಾತುಗಳನ್ನು ಎತ್ತಿಕೊಂಡು, ನಿಮ್ಮವರೇ ಹೀಗೆಂದಿಲ್ಲವೇ ಎಂದು ಕೇಳಬಹುದಾಗಿತ್ತು. ಮೊದಲನೆಯದು ಸಂಬಂಧವನ್ನು ಬೆಸೆಯಿತು, ಎರಡನೆಯದು ನೋಯಿಸಿತು. ಮನೆಯ ಹಿರಿಯ ಮನೆಯ ಮಕ್ಕಳನ್ನು ಬೈಯುವುದು ಬೇರೆ. ಆ ಬೈಗುಳವನ್ನೇ ಹೊರಗಿನವನು ಬೀದಿಯಲ್ಲಿ ನಿಂತು ಒಪ್ಪಿಸುವುದು ಬೇರೆ. ಹತ್ತೊಂಬತ್ತನೆಯ ಶತಮಾನದ ಮತಪ್ರಚಾರದ ಬರಹಗಳನ್ನು ಓದುವಾಗ ಇವೆರಡನ್ನೂ ಬೇರ್ಪಡಿಸಿ ನೋಡುವುದು ನ್ಯಾಯ.

ಫರ್ಡಿನೆಂಡ್ ಕಿಟ್ಟೆಲ್ (1832–1903) ಬಂದದ್ದು 1853ರಲ್ಲಿ. ಇವರಲ್ಲಿ ಹುಡುಕಾಟ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. 1862ರ 'ಕಥಾಮಾಲೆ'ಯಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡ ಪದ್ಯರೂಪದಲ್ಲಿ ಹೇಳಿದರು. ಉಪದೇಶವು ಕಿವಿಗೆ ಬೀಳಬೇಕಾದರೆ ಈ ನಾಡಿನ ಲಯದಲ್ಲಿ ಬೀಳಬೇಕೆಂಬುದು ಅವರಿಗೆ ತಿಳಿದಿತ್ತು. 1872ರ 'ಯಜ್ಞಸುಧಾನಿಧಿ'ಯಲ್ಲಿ ವೈದಿಕ ಯಜ್ಞದ ವಿಚಾರವನ್ನು ಎತ್ತಿಕೊಂಡರು. ಬಲಿ ಎಂಬ ಕಲ್ಪನೆ ಎರಡು ಧರ್ಮಗಳ ನಡುವಿನ ಸೇತುವೆಯಾದೀತೆಂಬ ನಿರೀಕ್ಷೆ ಅದರಲ್ಲಿ ಕಾಣುತ್ತದೆ. ಅದೇ ವರ್ಷ ಕೇಶಿರಾಜನ ಶಬ್ದಮಣಿದರ್ಪಣ, 1875ರಲ್ಲಿ ನಾಗವರ್ಮನ ಛಂದೋಂಬುಧಿ, ಕೊನೆಗೆ 1894ರಲ್ಲಿ ಸುಮಾರು 70,000 ಪದಗಳ ನಿಘಂಟು. ಆ ನಿಘಂಟನ್ನು ತೆರೆದು ನೋಡಿದವರಿಗೆ ಒಂದು ವಿಶೇಷ ಕಂಡಿರಬೇಕು: ಪದದ ಅರ್ಥಕ್ಕೆ ಸಾಕ್ಷಿಯಾಗಿ ಕವಿಗಳ ಜೊತೆಯಲ್ಲಿಯೇ ಗಾದೆಗಳು ನಿಂತಿವೆ. ಪಂಪನ ನಾಡಿನ ಪದಕೋಶದಲ್ಲಿ ಸಂತೆಯ ಮುದುಕಿಗೂ ಒಂದು ಮಣೆ ದೊರೆಯಿತು. ಬರಿಯ ಪಂಡಿತನಾಗಿದ್ದರೆ ಕಿಟ್ಟೆಲ್ಲರು ಗಾದೆಗೆ ಅಷ್ಟು ಕಿವಿಗೊಡುತ್ತಿದ್ದರೇ ಎಂಬುದು ನನ್ನ ಅನುಮಾನ. ಜನರೊಡನೆ ಮಾತನಾಡಬೇಕಾದವನ ಕಿವಿ ಅದು.

ಈ ಪರಂಪರೆಯ ಪೂರ್ಣಫಲ ಹೊರದೇಶದವರಲ್ಲಿ ಕಂಡದ್ದಲ್ಲ. ನಮ್ಮವರೇ ಆದ ರೆವರೆಂಡ್ ಉತ್ತಂಗಿ ಚನ್ನಪ್ಪನವರಲ್ಲಿ (1881–1962) ಕಂಡದ್ದು. ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಷನ್ನಿನ ಉಪದೇಶಕರಾಗಿ ಊರೂರು ತಿರುಗಿದ ಇವರು ಜನರ ನಾಲಗೆಯಲ್ಲಿಯೂ ಓಲೆಗಳಲ್ಲಿಯೂ ಚದುರಿಹೋಗಿದ್ದ ಸರ್ವಜ್ಞನ ತ್ರಿಪದಿಗಳನ್ನು ಆರಿಸಿ, ಹೋಲಿಸಿ, ಸುಮಾರು 2000 ವಚನಗಳ ಸಂಗ್ರಹವನ್ನು 1924ರಲ್ಲಿ ಪ್ರಕಟಿಸಿದರು. ಪ್ರಸಂಗಕ್ಕೆ ಸಾಮಗ್ರಿ ಬೇಕಾಗಿದ್ದರೆ ನೂರು ತ್ರಿಪದಿಗಳು ಸಾಕಾಗಿದ್ದವು. ಉಪದೇಶಕ್ಕೆ ಒದಗದ, ಒಮ್ಮೊಮ್ಮೆ ಉಪದೇಶಕರನ್ನೇ ಗೇಲಿಮಾಡುವ ಪದ್ಯಗಳನ್ನು ಕೂಡ ಬಿಡದೆ ಸೇರಿಸಿದವನು ದೃಷ್ಟಾಂತವನ್ನು ಹುಡುಕುತ್ತಿದ್ದವನಲ್ಲ, ಕವಿಯನ್ನೇ ಹುಡುಕುತ್ತಿದ್ದವನು. ಮುಂದೆ ಅವರು ಶರಣರ ವಚನಗಳ ಸಂಪಾದನೆಗೂ ಅನುಭವಮಂಟಪದ ಚರಿತ್ರೆಗೂ ಕೈಹಾಕಿದರು. 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ' ಎಂಬ ಗ್ರಂಥವನ್ನು ಬರೆದರು. ಆಜ್ಞೆಯಲ್ಲ, ಸವಾಲಲ್ಲ, ವಿನಂತಿ ಎಂಬ ಆ ಮಾತನ್ನು ಗಮನಿಸಬೇಕು. 1949ರಲ್ಲಿ ಕಲಬುರಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಈ ಸಭಾಪಾಲಕರನ್ನೇ ಅಧ್ಯಕ್ಷರನ್ನಾಗಿ ಕನ್ನಡಿಗರು ಕರೆದರು. 'ತಿರುಳ್ಗನ್ನಡದ ತಿರುಕ'ನೆಂಬ ಬಿರುದು ಅವರಿಗೆ ಒಪ್ಪಿತು.

ಎರವಲಿನ ಕಷ್ಟ ಇದರಿಂದ ತೀರಿತೆಂದಲ್ಲ. ನಮ್ಮ ಹಿಂದಿನ ಬೀದಿಯಲ್ಲಿ ನಿವೃತ್ತ ಸಭಾಪಾಲಕರೊಬ್ಬರಿದ್ದಾರೆ. ಒಮ್ಮೊಮ್ಮೆ ಶನಿವಾರ ಸಂಜೆ ಬಂದು, "ಮೇಷ್ಟ್ರೇ, ಬಿತ್ತಿದ್ದನ್ನೇ ಕೊಯ್ಯುವೆ ಅನ್ನೋ ವಾಕ್ಯಕ್ಕೆ ನಮ್ಮಲ್ಲಿ ಏನಾದರೂ ಇದೆಯೇ?" ಎಂದು ಕೇಳುವುದುಂಟು.

"ಮಾಡಿದ್ದುಣ್ಣೋ ಮಹಾರಾಯ ಅಂತ ಇದೆಯಲ್ಲ ಅಯ್ಯನವರೇ" ಎಂದೆ ನಾನು.

ಅವರು ನಕ್ಕು, "ಅದು ಈ ವಾರಕ್ಕೆ ಸರಿ. ಮುಂದಿನ ವಾರ ತಪ್ಪಿಹೋದ ಮಗನ ಪಾಠ. ಆಸ್ತಿಯನ್ನೆಲ್ಲ ಹಾಳುಮಾಡಿ ಬಂದವನನ್ನು ಅಪ್ಪ ಓಡಿಹೋಗಿ ಅಪ್ಪಿಕೊಳ್ಳುತ್ತಾನೆ. ಈ ವಾರ ನಿಮ್ಮ ಗಾದೆ ಹೇಳಿಬಿಟ್ಟರೆ, ಮುಂದಿನ ವಾರ ಜನ ನನ್ನ ಅಪ್ಪನನ್ನು ನಂಬುವುದಿಲ್ಲ" ಎಂದರು.

ಮೋಗ್ಲಿಂಗರ ಕಾಲದಿಂದ ಬಂದ ಸಮಸ್ಯೆಯೆಲ್ಲ ಈ ಮಾತಿನಲ್ಲಿ ಅಡಗಿದೆ. ಗಾದೆ ನಿಂತಿರುವುದು ಕರ್ಮದ ಲೆಕ್ಕದ ಮೇಲೆ. ಕಥೆ ನಿಂತಿರುವುದು ಲೆಕ್ಕವನ್ನು ಹರಿದುಹಾಕುವ ಪ್ರೀತಿಯ ಮೇಲೆ. ಇವರಿಗೆ ಗಾದೆಗಿಂತ ದಾಸರ ಶರಣಾಗತಿಯ ಪದಗಳೇ ಹತ್ತಿರ. ಯಾವುದು ಹೊಂದುತ್ತದೆ, ಯಾವುದು ಹೊಂದಿದಂತೆ ಕಾಣುತ್ತದೆ ಎಂಬ ವಿವೇಕ ಎರಡು ಮನೆಗಳ ಮಾತನ್ನೂ ಬಲ್ಲವನಿಗೆ ಮಾತ್ರ ಬರುತ್ತದೆ.

ಆ ವಿವೇಕಕ್ಕೆ ಈಗ ಬೇರೊಂದು ಕಂಟಕ ಒದಗಿದೆ. ಬೆಂಗಳೂರಿನ ಹಡ್ಸನ್ ಸ್ಮಾರಕ ದೇವಾಲಯದಲ್ಲಿಯೂ ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ದೇವಾಲಯದಲ್ಲಿಯೂ ಕನ್ನಡದ ಆರಾಧನೆ ತಲೆಮಾರುಗಳಿಂದ ನಡೆದುಬಂದಿದೆ. 1962ರಿಂದ 1965ರವರೆಗೆ ನಡೆದ ವ್ಯಾಟಿಕನ್ ಮಹಾಸಭೆಯ ತರುವಾಯ ಕಥೋಲಿಕರ ಪೂಜೆಗೂ ಲ್ಯಾಟಿನ್ನಿನ ಬದಲು ಜನರ ನುಡಿ ಬಂತು. ಆದರೆ ವಾರವಾರವೂ ದೃಷ್ಟಾಂತ ಬೇಕಾದಾಗ ಕೈಗೆ ಸುಲಭವಾಗಿ ಸಿಕ್ಕುವುದು ಇಂಗ್ಲಿಷಿನ ದೃಷ್ಟಾಂತ ಸಂಗ್ರಹಗಳು. ಅವುಗಳಲ್ಲಿ ಹಿಮ ಬೀಳುತ್ತದೆ, ಹಡಗು ಮುಳುಗುತ್ತದೆ. ಭಾಷೆ ಕನ್ನಡವಾಗಿದ್ದರೂ ಕೇಳುವವನು ಹೊರಗೆ ಚಳಿಯಲ್ಲಿ ನಿಂತಿರುತ್ತಾನೆ.

ಹಾಗೆಂದು ಬೆರಳನ್ನು ಅವರತ್ತ ಮಾತ್ರ ತೋರಿಸುವಂತಿಲ್ಲ. ವಚನವೊಂದನ್ನು ಪಾಠ ಹೇಳುವಾಗ ಕೂರಿಗೆ ಎಂದರೆ ನನ್ನ ತರಗತಿಯಲ್ಲಿ ಅರ್ಧ ಜನ ಮುಖ ನೋಡುತ್ತಾರೆ. ಒರಳು, ಮೊರ, ಒನಕೆಗಳಿಗೆ ಕರಿಹಲಗೆಯ ಮೇಲೆ ಚಿತ್ರ ಬರೆಯಬೇಕಾಗಿದೆ. ಗಲಿಲಾಯದ ಹೊಲವನ್ನು ಕನ್ನಡಿಗನಿಗೆ ತಿಳಿಸಲು ಅಂದಿನ ಉಪದೇಶಕ ಪಟ್ಟ ಪಾಡನ್ನು, ಕನ್ನಡದ ಹೊಲವನ್ನು ಕನ್ನಡಿಗನಿಗೆ ತಿಳಿಸಲು ಇಂದಿನ ಕನ್ನಡ ಮೇಷ್ಟ್ರು ಪಡುತ್ತಿದ್ದಾನೆ. ಅಂದು ಕಿಟ್ಟೆಲ್ಲರೂ ಉತ್ತಂಗಿಯವರೂ ಕೈಕಟ್ಟಿ ಕೂರಲಿಲ್ಲ. ಸಂತೆಗೆ ಹೋಗಿ ಕಿವಿಗೊಟ್ಟು ಬರೆದುಕೊಂಡರು. ಆ ಕೆಲಸಕ್ಕೆ ಮತದ ಹಂಗಿಲ್ಲ, ಅದರ ಕಾಲವೂ ಇನ್ನೂ ಮೀರಿಲ್ಲ. ಒನಕೆ ಹಿಡಿದ ಕೈಗಳು ನಮ್ಮ ಮನೆಗಳಲ್ಲಿ ಇನ್ನೂ ಕೆಲವು ಉಳಿದಿವೆ. ಅವರನ್ನು ಕೇಳಿ ಬರೆದಿಟ್ಟುಕೊಳ್ಳಬೇಕಾದವರು ನಾವು.