ದೊಡ್ಡ ಕಾಲಿನ ಪ್ರಾಣಿಗೆ ಕವಿಯ ಹೆಸರು

ಡೈನೋಸಾರ್ ಎಂದೊಡನೆ ಮಕ್ಕಳು ಟಿರನೊಸಾರಸ್, ಬ್ರಾಂಟೊಸಾರಸ್ ಎಂದು ಪಟಪಟನೆ ಹೇಳುತ್ತಾರೆ. ಆ ಪಟ್ಟಿಗೆ ನಾನು ಸೇರಿಸುವ ಹೆಸರು ಬರಾಪಾಸಾರಸ್ ಟಾಗೋರಿ. ಬಂಗಾಳಿಯಲ್ಲಿ ‘ಬಡ’ ಎಂದರೆ ದೊಡ್ಡದು, ‘ಪಾ’ ಎಂದರೆ ಕಾಲು. ನಮ್ಮ ‘ಪಾದ’ಕ್ಕೆ ಹತ್ತಿರದ ನೆಂಟ. ‘ಸಾರಸ್’ ಗ್ರೀಕ್ ಭಾಷೆಯ ಹಲ್ಲಿ. ಇನ್ನು ‘ಟಾಗೋರಿ’? ಹೌದು, ಕವಿ ರವೀಂದ್ರನಾಥ ಟಾಗೋರರೇ.

ಕವಿಗೂ ಈ ಪ್ರಾಣಿಗೂ ಎತ್ತಣ ಸಂಬಂಧ? 1931ರಲ್ಲಿ ಕೋಲ್ಕತ್ತದಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಕಟ್ಟಿದ ಪ್ರಶಾಂತಚಂದ್ರ ಮಹಲನೋಬಿಸ್ ಟಾಗೋರರ ಆಪ್ತರು. ಸಂಖ್ಯಾಶಾಸ್ತ್ರ ಉಳಿದ ವಿಜ್ಞಾನಗಳೊಡನೆ ಬೆರೆತೇ ಬೆಳೆಯಬೇಕು ಎಂದು ನಂಬಿದವರು. ಹಾಗಾಗಿ ಅಲ್ಲಿ ಭೂವಿಜ್ಞಾನಕ್ಕೂ ಜಾಗ ಸಿಕ್ಕಿತು. ಅವರ ಕರೆಗೆ ಓಗೊಟ್ಟು ಲಂಡನ್ನಿನಿಂದ ಪಳೆಯುಳಿಕೆ ತಜ್ಞೆ ಪಮೇಲಾ ರಾಬಿನ್‌ಸನ್ ಬಂದರು. ಸಂಸ್ಥೆಯ ತಂಡ ಇಂದಿನ ತೆಲಂಗಾಣದ ಪ್ರಾಣಹಿತಾ–ಗೋದಾವರಿ ಕಣಿವೆಯಲ್ಲಿ ಹುಡುಕಾಟಕ್ಕಿಳಿಯಿತು. ಮೂಳೆಗಳು ಹೇರಳವಾಗಿ ಸಿಕ್ಕಿದ್ದು 1961ರಲ್ಲಿ. ಅದು ಟಾಗೋರರ ಜನ್ಮಶತಮಾನೋತ್ಸವದ ವರ್ಷ. ತೊಡೆಯ ಮೂಳೆಯೊಂದೇ ಸುಮಾರು 1.7 ಮೀಟರ್, ಆಳುದ್ದ! 1975ರಲ್ಲಿ ಸೋಹನ್ ಲಾಲ್ ಜೈನ್ ಮತ್ತು ಸಂಗಡಿಗರು ಪ್ರಾಣಿಗೆ ಹೆಸರಿಟ್ಟರು.

ಸುಮಾರು 18 ಕೋಟಿ ವರ್ಷಗಳ ಹಿಂದೆ ಬದುಕಿದ್ದ ಈ ಸಸ್ಯಾಹಾರಿ ಮೂತಿಯಿಂದ ಬಾಲದ ತುದಿಗೆ ಹತ್ತಿರಹತ್ತಿರ 14 ಮೀಟರ್ ಇತ್ತು. ಉದ್ದ ಕತ್ತಿನ ಲಾಭ ಸರಳ: ಭಾರದ ಮೈಯನ್ನು ಕದಲಿಸದೆ, ನಿಂತಲ್ಲೇ ನಿಂತು ಸುತ್ತಲಿನ ಸೊಪ್ಪಿಗೆ ಬಾಯಿ ಹಾಕಬಹುದು. ಈ ಗುಂಪಿನ ಪ್ರಾಣಿಗಳು ಮೆಲ್ಲುತ್ತಿರಲಿಲ್ಲ. ಕಿತ್ತು ನುಂಗುತ್ತಿದ್ದವು, ಉಳಿದ ಕೆಲಸ ಹೊಟ್ಟೆಯದು. ಅಗಿಯುವ ದವಡೆ ಬೇಡವಾದ್ದರಿಂದ ತಲೆ ಚಿಕ್ಕದು, ಹಗುರ. ಉದ್ದ ಕತ್ತು ಹೊರಲು ಅದೇ ಅನುಕೂಲ.

ಆದರೆ ಆ ಹಗುರ ತಲೆ ಸತ್ತ ಮೇಲೆ ಬಲುಬೇಗ ಕಳಚಿ ಹೋಗುತ್ತದೆ. ಕಡೇಪಕ್ಷ ಆರು ಪ್ರಾಣಿಗಳ ಸುಮಾರು 300 ಮೂಳೆಗಳು ಸಿಕ್ಕರೂ ತಲೆಬುರುಡೆ ಒಂದೂ ಸಿಗಲಿಲ್ಲ. ಸಿಕ್ಕಿದ್ದು ಚಮಚದಾಕಾರದ ಕೆಲವು ಹಲ್ಲು ಮಾತ್ರ. ಆದ್ದರಿಂದ ಪುಸ್ತಕದಲ್ಲಿ ಬರಾಪಾಸಾರಸ್‌ನ ಮುಖ ಕಂಡರೆ, ಅದು ಹಲ್ಲುಗಳಿಂದಲೂ ಅದರ ಬಳಗದ ಇತರ ಪ್ರಾಣಿಗಳಿಂದಲೂ ಮಾಡಿದ ಊಹೆ ಎಂದು ತಿಳಿಯಿರಿ. ವಿಜ್ಞಾನದಲ್ಲಿ ಊಹೆ ತಪ್ಪಲ್ಲ, ಯಾವುದು ಊಹೆ ಎಂದು ಗೊತ್ತಿರಬೇಕು ಅಷ್ಟೆ. ಈ ಹೆಸರು ನನಗೆ ಇಷ್ಟವಾಗುವುದೂ ಅದಕ್ಕೇ. ಕೈಗೆ ಸಿಕ್ಕಿದ್ದು ದೊಡ್ಡ ಕಾಲು. ಅಗೆದವರು ತಮ್ಮ ನುಡಿಯಲ್ಲಿ ಅದನ್ನೇ ಹೇಳಿದರು.