ಒಡ್ಡಿದ ಪ್ಯಾದೆ: ಕಾರವಾರ–ಅಂಕೋಲೆ ಕರಾವಳಿಯಿಂದ ಗ್ಯಾಂಬಿಟ್ ಇತಿಹಾಸದ ಒಂದು ಓದು

ಆಟ ಶುರುವಾಗುತ್ತಲೇ ಎದುರಾಳಿ ಪ್ಯಾದೆಯೊಂದನ್ನು ಒಡ್ಡಿದರೆ ಹೊಡೆಯಬೇಕೇ, ಬಿಡಬೇಕೇ? ಈ ಪ್ರಶ್ನೆಗೆ ಐದು ಶತಮಾನಗಳ ಚರಿತ್ರೆಯಿದೆ. ಕಾರವಾರ, ಅಂಕೋಲೆಗಳ ಕರಾವಳಿಯಿಂದ ನೋಡಿದರೆ ಅದರ ಹಿಂದೆ ಎರಡು ಬೇರೆ ಆಟಗಳು ಕಾಣುತ್ತವೆ.

ಮೊದಲನೆಯದು ನಮ್ಮದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 12ನೇ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಚದುರಂಗದ ವಿವರಣೆಯಿದೆ. ಕಾರವಾರಕ್ಕೆ ತಾಗಿದ ಗೋವೆಯನ್ನು ಆಳಿದ ಕದಂಬರ ಎರಡನೆಯ ಜಯಕೇಶಿ ಸೋಮೇಶ್ವರನ ಸಹೋದರಿ ಮೈಲಲದೇವಿಯ ಗಂಡ. ಮುಂದೆ ದೇಶದ ಹಲವೆಡೆ ಉಳಿದುಬಂದ ದೇಸಿ ಪದ್ಧತಿಗಳಲ್ಲಿ ಪ್ಯಾದೆ ಮೊದಲ ನಡೆಯಲ್ಲೂ ಸಾಮಾನ್ಯವಾಗಿ ಒಂದೇ ಮನೆ ಸರಿಯುತ್ತದೆ. ಎರಡು ಸೈನ್ಯಗಳು ತಡವಾಗಿ ಮುಖಾಮುಖಿಯಾಗುವ ಇಂಥ ಆಟದಲ್ಲಿ ಎರಡನೇ ನಡೆಗೇ ಪ್ಯಾದೆ ಒಡ್ಡುವ ಅವಕಾಶವೇ ಇರಲಿಲ್ಲ. ಹೀಗೆ ಆರಂಭದಲ್ಲೇ ಪ್ಯಾದೆ ಒಡ್ಡುವ ಗ್ಯಾಂಬಿಟ್‌ಗೆ ಎರಡು ಮನೆಯ ಜಿಗಿತ ಬೇಕು.

ಆ ಜಿಗಿತ ಯುರೋಪಿನ ಆಟದ್ದು. 1510ರಲ್ಲಿ ಪೋರ್ತುಗೀಜ್ ಸೇನಾನಿ ಅಲ್ಬುಕರ್ಕ್ ಸ್ಥಳೀಯ ನೌಕಾ ನಾಯಕ ತಿಮ್ಮಯ್ಯನ ನೆರವಿನಿಂದ ಗೋವೆಯನ್ನು ಹಿಡಿದ. 1512ರಲ್ಲಿ ಪೋರ್ತುಗೀಜ್ ಔಷಧ ವ್ಯಾಪಾರಿ ಡಮಿಯಾನೊನ ಚದುರಂಗ ಪುಸ್ತಕ ರೋಮಿನಲ್ಲಿ ಅಚ್ಚಾಯಿತು. ಒಂದಕ್ಕೆ ಇನ್ನೊಂದು ಕಾರಣವಲ್ಲ. ಆದರೆ ನಮ್ಮ ಕಡಲಿಗೆ ಬಂದವರ ನಾಡಿನಲ್ಲಿ ಆಟ ಅಷ್ಟರಲ್ಲಿ ವೇಗ ಪಡೆದಿತ್ತು ಎಂಬುದಕ್ಕೆ ಆ ಪುಸ್ತಕ ಸಾಕ್ಷಿ. ಗ್ಯಾಂಬಿಟ್ ಎಂಬ ಹೆಸರನ್ನು ಸ್ಪೇನಿನ ಪಾದ್ರಿ ರುಯ್ ಲೋಪೆಜ್ 1561ರಲ್ಲಿ ಬಳಕೆಗೆ ತಂದ.

ಕ್ವೀನ್ಸ್ ಗ್ಯಾಂಬಿಟ್‌ನ ಹಳೆಯ ಬಲೆಯೊಂದನ್ನು ಹಲಗೆಯ ಮೇಲಿಟ್ಟು ನೋಡಬೇಕು. ಬಿಳಿಯ ಪ್ಯಾದೆಗಳು ಡಿ4, ಸಿ4ಕ್ಕೆ ಬರುತ್ತವೆ. ಕಪ್ಪು ಡಿ5ರ ಪ್ಯಾದೆಯಿಂದ ಸಿ4ರದನ್ನು ಹೊಡೆಯುತ್ತದೆ. ಬಿಳಿ ಇ3 ಆಡಿದಾಗ ಕಪ್ಪು ಗಳಿಕೆಯನ್ನು ಕಾಯಲು ಬಿ5ಕ್ಕೆ ಪ್ಯಾದೆ ತಳ್ಳುತ್ತದೆ. ಬಿಳಿ ಎ4, ಕಪ್ಪು ಸಿ6. ಬಿ5ರಲ್ಲಿ ಪ್ಯಾದೆಗಳು ಬದಲಾಗುತ್ತವೆ. ಆಗ ಬಿಳಿಯ ಮಂತ್ರಿ ಎಫ್3ಕ್ಕೆ ಬಂದು ಕೂರುತ್ತದೆ. ಮೂಲೆಯ ಆನೆಯವರೆಗೆ ಕರ್ಣ ಪೂರಾ ತೆರೆದಿದೆ. ಆನೆಯನ್ನು ಉಳಿಸಲು ಕುದುರೆಯನ್ನೋ ಒಂಟೆಯನ್ನೋ ತೆರಬೇಕು. ಇಲ್ಲಿ ಪ್ಯಾದೆ ಹೊಡೆದದ್ದು ತಪ್ಪಲ್ಲ. ಹೊಡೆದದ್ದನ್ನು ಬಿಡಲೊಲ್ಲದ ಹಟವೇ ಕಪ್ಪನ್ನು ಕೆಡಿಸಿತು.

ಹತ್ತೊಂಬತ್ತನೇ ಶತಮಾನಕ್ಕೆ ಈ ಪಾಠ ನಿಧಾನವಾಗಿ ಹತ್ತಿತು. ಹಡಗಿನ ಕಪ್ತಾನ ವಿಲಿಯಂ ಇವಾನ್ಸ್ ಬಿ4ರಲ್ಲಿ ಪ್ಯಾದೆ ಒಡ್ಡಿ ಒಂಟೆಯನ್ನು ಸೆಳೆದ. ಅದು ಹಿಮ್ಮೆಟ್ಟುವಷ್ಟರಲ್ಲಿ ಹಲಗೆಯ ನಡುಭಾಗ ಬಿಳಿಯ ಪಾಲಾಗುತ್ತಿತ್ತು. ಮೂರು ನಡೆಗೆ ಒಂದು ಪ್ಯಾದೆ ಸಮ ಎಂಬ ಹಳೆಯ ಲೆಕ್ಕ ಇಂಥ ಆಟಗಳಿಗೆ ಚೆನ್ನಾಗಿ ಹೊಂದುತ್ತದೆ. 1851ರಲ್ಲಿ ಲಂಡನ್ನಿನಲ್ಲಿ ಆಟಗಾರ ಕೀಸೆರಿಟ್ಸ್ಕಿ ಪ್ಯಾದೆಯಿಂದ ಶುರುಮಾಡಿ ಎದುರಾಳಿ ಆಂಡರ್ಸನ್ನನ ಎರಡು ಆನೆ, ಮಂತ್ರಿ ಎಲ್ಲವನ್ನೂ ಹೊಡೆದು ಕೊನೆಗೆ ಮಾತಾದ. ಇಂದಿಗೂ ಅದಕ್ಕೆ ‘ಅಮರ ಆಟ’ ಎಂದೇ ಹೆಸರು.

ಕೋಲ್ಕತ್ತೆಯಲ್ಲಿ ಎರಡೂ ಆಟಗಳು ಎದುರುಬದುರಾದವು. 1848ರಲ್ಲಿ ಸ್ಕಾಟ್ಲೆಂಡಿನ ವಕೀಲ ಜಾನ್ ಕಾಕ್ರೇನ್, ದೇಸಿ ಪದ್ಧತಿಯಲ್ಲಿ ಪಳಗಿದ ಮಹೇಶಚಂದ್ರ ಬ್ಯಾನರ್ಜಿ ವಿರುದ್ಧ ಎರಡು ಪ್ಯಾದೆಗಳಿಗೆ ಕುದುರೆ ಕೊಟ್ಟು ರಾಜನನ್ನು ಬಯಲಿಗೆಳೆದ. ಬ್ಯಾನರ್ಜಿಯೋ ಒಂಟೆಯನ್ನು ಬದಿಯಿಂದ ಹೊರತಂದು, ನಡುಭಾಗವನ್ನು ದೂರದಿಂದ ಕೆಣಕುವ ಆಟಗಾರ. ಒಂದು ಮನೆಯ ನಡೆಯಲ್ಲಿ ಬೆಳೆದ ಈ ತಾಳ್ಮೆ ಮುಂದೆ ಇಂಡಿಯನ್ ಡಿಫೆನ್ಸ್‌ಗಳ ಹೆಸರಿನಲ್ಲಿ ಜಗತ್ತಿಗೆ ಹಬ್ಬಿತು. ನನ್ನ ದೃಷ್ಟಿಯಲ್ಲಿ ಇದು ಗ್ಯಾಂಬಿಟ್‌ಗಳಷ್ಟೇ ದೊಡ್ಡ ಕೊಡುಗೆ.

ಹೊಡೆದ ಪ್ಯಾದೆಯನ್ನು ಸಮಯ ನೋಡಿ ಹಿಂದಿರುಗಿಸುವ ವಿದ್ಯೆಯನ್ನು ಇವಾನ್ಸ್ ಗ್ಯಾಂಬಿಟ್‌ಗೆ ವಿಶ್ವ ಚಾಂಪಿಯನ್ ಲಾಸ್ಕರ್ ಸೂಚಿಸಿದ ರಕ್ಷಣೆ ಕಲಿಸಿತು. ಆದರೂ ಆಸೆ ಹೋಗಲಿಲ್ಲ. 1972ರ ರೇಕ್ಯಾವಿಕ್ ವಿಶ್ವ ಚಾಂಪಿಯನ್‌ಶಿಪ್ ಪಂದ್ಯದ ಏಳನೇ ಆಟದಲ್ಲಿ ಬಾಬಿ ಫಿಷರ್ ಸ್ಪಾಸ್ಕಿಯ ಬಿ2ರ ‘ವಿಷದ ಪ್ಯಾದೆ’ಯನ್ನು ಮಂತ್ರಿಯಿಂದ ಹೊಡೆದು ಡ್ರಾ ಗಿಟ್ಟಿಸಿದ. ಹನ್ನೊಂದನೇ ಆಟದಲ್ಲಿ ಅದನ್ನೇ ಮತ್ತೆ ಹೊಡೆದ. ಸ್ಪಾಸ್ಕಿ ಕುದುರೆಯನ್ನು ಅದರ ಮೂಲ ಮನೆಯಾದ ಬಿ1ಕ್ಕೆ ವಾಪಸು ಒಯ್ದ, ಮಂತ್ರಿ ಸಿಕ್ಕಿಬಿತ್ತು, 31 ನಡೆಗಳಲ್ಲಿ ಫಿಷರ್ ಸೋಲೊಪ್ಪಿಕೊಂಡ.