ಮಳೆಯ ನಷ್ಟ ಹೊತ್ತವರು: ತುರ್ವಿಹಾಳ ಸೀಮೆಯ ಸಾಲ ಮತ್ತು ಬಂಡವಾಳದ ಚರಿತ್ರೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವೆ ಹರಡಿರುವ, ಶಾಸನಗಳಲ್ಲಿ ಎಡೆದೊರೆ ನಾಡೆಂದು ಹೆಸರಾದ ರಾಯಚೂರು ದೋಆಬಿನ ಆರ್ಥಿಕ ಚರಿತ್ರೆಯನ್ನು ಅದರ ಮಳೆಯ ಚರಿತ್ರೆಯಿಂದ ಬೇರ್ಪಡಿಸಿ ಬರೆಯಲಾಗದು. ಎರಡು ದೊಡ್ಡ ನದಿಗಳ ನಡುವೆ ಇದ್ದರೂ ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳು ವರ್ಷಕ್ಕೆ ಸರಾಸರಿ 600 ಮಿಲಿಮೀಟರ್ ಆಸುಪಾಸಿನ ಮಳೆಯನ್ನಷ್ಟೇ ಕಾಣುತ್ತವೆ ಮತ್ತು ಆ ಮಳೆಯೂ ಕಾಲಕ್ಕೆ ಸರಿಯಾಗಿ ಬರುವ ಭರವಸೆ ಇರುವುದಿಲ್ಲ. ಹವಾಮಾನದ ಏರುಪೇರಿನಿಂದ ಬೆಳೆ, ಕಾರ್ಖಾನೆ, ಸಾಲ ಮತ್ತು ಹೂಡಿಕೆಗಳ ಮೌಲ್ಯ ಕುಸಿಯುವ ಸಂಭವವನ್ನು ಇಂದಿನ ಬ್ಯಾಂಕುಗಳು ಹವಾಮಾನ ಅಪಾಯವೆಂದು ಕರೆದು ಲೆಕ್ಕಕ್ಕೆ ತೆಗೆದುಕೊಳ್ಳತೊಡಗಿವೆ. ಸಿಂಧನೂರು ತಾಲ್ಲೂಕಿನ ತುರ್ವಿಹಾಳದ ಸುತ್ತಿನ ಹಳ್ಳಿಗಳಲ್ಲಾದರೋ ಸಾಲ ಕೊಡುವವರೂ ಪಡೆಯುವವರೂ ಈ ಲೆಕ್ಕವನ್ನು ತಲೆತಲಾಂತರದಿಂದ ಹಾಕುತ್ತ ಬಂದಿದ್ದಾರೆ. ಮಳೆ ಕೈಕೊಟ್ಟಾಗ ಆಗುವ ನಷ್ಟವನ್ನು ಯಾರು ಹೊರಬೇಕು ಎಂಬ ಒಂದೇ ಪ್ರಶ್ನೆಗೆ ಬೇರೆ ಬೇರೆ ಕಾಲಗಳು ಕೊಟ್ಟ ಉತ್ತರಗಳೇ ಈ ಸೀಮೆಯ ಹಣಕಾಸಿನ ಚರಿತ್ರೆಯಾಗಿವೆ.

ಕಾಲುವೆ ಬರುವ ಮುನ್ನ ಇಲ್ಲಿನ ಎರೆಭೂಮಿಯಲ್ಲಿ ಹಿಂಗಾರಿ ಬಿಳಿಜೋಳ ಮತ್ತು ಹತ್ತಿ ಮುಖ್ಯ ಬೆಳೆಗಳಾಗಿದ್ದವು. ಒಂದು ಬೆಳೆ ಹೋದರೂ ಇನ್ನೊಂದು ಉಳಿಯಲೆಂದು ಮುಖ್ಯ ಬೆಳೆಯ ನಡುವೆ ಬೇರೆ ಕಾಳುಗಳನ್ನು ಬಿತ್ತುವ ಅಕ್ಕಡಿ ಸಾಲಿನ ಪದ್ಧತಿಯೂ, ಒಳ್ಳೆಯ ವರ್ಷದ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಕೆಟ್ಟ ವರ್ಷಕ್ಕೆ ಕಾಯ್ದಿಡುವ ಪದ್ಧತಿಯೂ ಉತ್ತರ ಕರ್ನಾಟಕದ ಒಕ್ಕಲು ಮನೆತನಗಳು ತಾವೇ ಕಟ್ಟಿಕೊಂಡ ವಿಮೆಗಳಾಗಿದ್ದವು. ಹಗೇವು ಬರಿದಾದಾಗ ಸಾಹುಕಾರನ ಬಾಗಿಲಿಗೆ ಹೋಗಬೇಕಾಗುತ್ತಿತ್ತು. ಅಲ್ಲಿ ವಿಧಿಸಲಾಗುತ್ತಿದ್ದ ಹೆಚ್ಚಿನ ಬಡ್ಡಿಯಲ್ಲಿ ಹಣದ ಬೆಲೆಯ ಜೊತೆಗೆ ಮಳೆಯ ಅನಿಶ್ಚಿತತೆಯ ಬೆಲೆಯೂ ಸೇರಿರುತ್ತಿತ್ತು, ಮತ್ತು ಸಾಲ ತೀರದಿದ್ದರೆ ಒತ್ತೆಯಿಟ್ಟ ಹೊಲ ಕೈಬಿಡುತ್ತಿತ್ತು. ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಅಂದರೆ 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಆವರಿಸಿದ ಕ್ಷಾಮವು ಅಂದು ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿದ್ದ ಈ ಭಾಗವನ್ನೂ ತೀವ್ರವಾಗಿ ಬಾಧಿಸಿದಾಗ, ಊರಿಗೆ ಊರೇ ಏಕಕಾಲದಲ್ಲಿ ಬೆಳೆ ಕಳೆದುಕೊಂಡರೆ ನೆರೆಹೊರೆಯ ನೆರವಾಗಲಿ ಊರ ಸಾಹುಕಾರನ ಸಾಲವಾಗಲಿ ಸಾಲದೆಂಬುದು ಸ್ಪಷ್ಟವಾಯಿತು. ಬೀಜ, ಎತ್ತು ಮತ್ತು ಬಾವಿಗಾಗಿ ಸರ್ಕಾರವೇ ನೀಡುವ ತಗಾವಿ ಸಾಲಕ್ಕೆ ಬ್ರಿಟಿಷ್ ಪ್ರಾಂತಗಳಲ್ಲಿ 1883 ಮತ್ತು 1884ರ ಕಾಯ್ದೆಗಳು ಹೊಸ ರೂಪ ಕೊಟ್ಟದ್ದು ಈ ಕ್ಷಾಮದ ತರುವಾಯವೇ.

ನಷ್ಟವನ್ನು ಹಲವರ ಮೇಲೆ ಹಂಚುವ ಚಿಂತನೆಯಲ್ಲಿ ಕನ್ನಡ ನಾಡಿನ ಪಾಲು ದೊಡ್ಡದು. 1904ರ ಸಹಕಾರ ಕಾಯ್ದೆಯ ಮರುವರ್ಷವೇ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಸ್ಥಾಪನೆಯಾಯಿತು. ಮೈಸೂರು ಸಂಸ್ಥಾನದ ಅಧಿಕಾರಿಯಾಗಿದ್ದ ಜೆ.ಎಸ್. ಚಕ್ರವರ್ತಿಯವರು 1920ರಲ್ಲಿ ಪ್ರಕಟಿಸಿದ ಕೃಷಿ ವಿಮೆಯ ಗ್ರಂಥದಲ್ಲಿ ಇನ್ನೂ ಮುಂದೆ ಹೋಗಿ, ಪ್ರತಿ ಹೊಲದ ನಷ್ಟವನ್ನು ಅಳೆಯುವ ಬದಲು ಮಳೆಮಾಪಕದ ಲೆಕ್ಕವನ್ನೇ ಆಧಾರವಾಗಿಟ್ಟುಕೊಂಡು, ಮಳೆ ನಿಗದಿತ ಪ್ರಮಾಣಕ್ಕಿಂತ ಕಡಿಮೆಯಾದರೆ ಆ ಪ್ರದೇಶದ ವಿಮಾದಾರರಿಗೆಲ್ಲ ಪರಿಹಾರ ಸಲ್ಲಬೇಕೆಂಬ ಯೋಜನೆಯನ್ನು ಮಂಡಿಸಿದರು. ಇಂದು ಜಗತ್ತಿನ ಹಣಕಾಸು ಸಂಸ್ಥೆಗಳು ಸೂಚ್ಯಂಕ ಆಧಾರಿತ ವಿಮೆಯೆಂದು ಕರೆಯುವ ವ್ಯವಸ್ಥೆಯ ತಿರುಳು ಇದೇ ಆಗಿದ್ದು, ಹವಾಮಾನ ಆಧಾರಿತ ಬೆಳೆ ವಿಮೆ ಭಾರತದಲ್ಲಿ ಸರ್ಕಾರಿ ಯೋಜನೆಯಾಗಿ ಬರಲು 2007ರವರೆಗೆ ಕಾಯಬೇಕಾಯಿತು. ಈ ನಡುವೆ 1951–52ರ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯು ರೈತರ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಕೇವಲ ಶೇ 3ರಷ್ಟಿದ್ದು, ಲೇವಾದೇವಿಗಾರರ ಪಾಲು ಶೇ 70ರ ಸಮೀಪವಿತ್ತೆಂದು ತೋರಿಸಿತು.

ದೋಆಬಿನ ಮಟ್ಟಿಗೆ ಮಳೆಯ ಪ್ರಶ್ನೆಗೆ ಸಿಕ್ಕ ಅತಿ ದೊಡ್ಡ ಉತ್ತರ ತುಂಗಭದ್ರಾ ಅಣೆಕಟ್ಟು. ಹೈದರಾಬಾದ್ ಮತ್ತು ಮದರಾಸು ಸರ್ಕಾರಗಳು ಜೊತೆಗೂಡಿ 1945ರಲ್ಲಿ ಅಡಿಗಲ್ಲು ಹಾಕಿದ ಈ ಅಣೆಕಟ್ಟಿನಿಂದ 1953ರಲ್ಲಿ ನೀರು ಹರಿಯತೊಡಗಿ, ಸುಮಾರು 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆಯು ಇಂದಿನ ಕೊಪ್ಪಳ ಮತ್ತು ರಾಯಚೂರು ಜಿಲ್ಲೆಗಳ ಸುಮಾರು 6 ಲಕ್ಷ ಎಕರೆಗೆ ನೀರುಣಿಸುವ ಉದ್ದೇಶ ಹೊತ್ತಿತು. ಇದು ಮೂಲತಃ ರಕ್ಷಣಾತ್ಮಕ ನೀರಾವರಿಯ ಯೋಜನೆಯಾಗಿತ್ತು. ಅಂದರೆ ಕೆಲವರಿಗೆ ಹೇರಳ ನೀರು ಕೊಡುವುದಕ್ಕಿಂತ ಹೆಚ್ಚು ಹೊಲಗಳಿಗೆ ಕಡಿಮೆ ನೀರು ಹಂಚಿ ಬರದಿಂದ ಕಾಪಾಡುವುದು ಅದರ ಗುರಿಯಾಗಿತ್ತು. ಆದುದರಿಂದ ಬಹುಪಾಲು ಭೂಮಿಗೆ ಜೋಳ, ಹತ್ತಿಯಂಥ ಅರೆ ನೀರಾವರಿ ಬೆಳೆಗಳನ್ನು ನಿಗದಿಮಾಡಿ, ಭತ್ತಕ್ಕೆ ಸಣ್ಣ ಪಾಲನ್ನಷ್ಟೇ ಮೀಸಲಿಡಲಾಗಿತ್ತು.

ಬಂಡವಾಳ ಮಾತ್ರ ಈ ನಿಗದಿಯನ್ನು ಒಪ್ಪಲಿಲ್ಲ. ಭತ್ತದ ಬೇಸಾಯದಲ್ಲಿ ಪಳಗಿದ ಕರಾವಳಿ ಆಂಧ್ರದ ರೈತರು ತಮ್ಮ ಊರಿನ ಜಮೀನು ಮಾರಿ ಬಂದು ಇಲ್ಲಿ ಕಡಿಮೆ ಬೆಲೆಗೆ ಭೂಮಿ ಕೊಂಡು ಕ್ಯಾಂಪುಗಳೆಂಬ ಹೊಸ ಊರುಗಳನ್ನು ಕಟ್ಟಿದರು. ಸ್ಥಳೀಯ ರೈತರೂ ಭತ್ತಕ್ಕೆ ಹೊರಳಿದರು. ಅಕ್ಕಿ ಗಿರಣಿಗಳು, ಗೊಬ್ಬರದ ಅಂಗಡಿಗಳು ಮತ್ತು ಮುಂಗಡ ಹಣ ಕೊಟ್ಟು ಫಸಲು ತರಿಸಿಕೊಳ್ಳುವ ದಲಾಲಿ ಅಂಗಡಿಗಳು ಬೆಳೆದು, ಸಿಂಧನೂರು ಭತ್ತದ ದೊಡ್ಡ ಮಾರುಕಟ್ಟೆಯಾಯಿತು. 1969ರ ಬ್ಯಾಂಕ್ ರಾಷ್ಟ್ರೀಕರಣ ಮತ್ತು 1976ರಲ್ಲಿ ಬಳ್ಳಾರಿಯಲ್ಲಿ ಸ್ಥಾಪನೆಯಾದ ತುಂಗಭದ್ರಾ ಗ್ರಾಮೀಣ ಬ್ಯಾಂಕು ಬೆಳೆಸಾಲವನ್ನು ಹಳ್ಳಿಗಳ ಹತ್ತಿರಕ್ಕೆ ತಂದವು. ಆದರೆ ಮೇಲ್ಭಾಗದ ಹೊಲಗಳಲ್ಲಿ ಭತ್ತ ಹೆಚ್ಚಿದಂತೆ ಮಾನ್ವಿ ಮತ್ತು ರಾಯಚೂರಿನ ಕಡೆಯ ಕೊನೆಭಾಗದ ರೈತರಿಗೆ ನೀರು ತಲುಪುವುದು ದುಸ್ತರವಾಯಿತು, ಬಸಿದು ಹೋಗದ ನೀರಿನಿಂದ ವಿಶಾಲ ಪ್ರದೇಶ ಸವಳು ಜವಳಾಯಿತು, ಮತ್ತು ಆರಂಭದಲ್ಲಿ ಸುಮಾರು 133 ಟಿಎಂಸಿ ಅಡಿ ಇದ್ದ ಜಲಾಶಯದ ಸಾಮರ್ಥ್ಯ ಹೂಳು ತುಂಬಿ 105 ಟಿಎಂಸಿ ಅಡಿಯ ಆಸುಪಾಸಿಗೆ ಇಳಿಯಿತು. ಕಾಲುವೆಯು ಮಳೆಯ ಅಪಾಯವನ್ನು ಇಲ್ಲವಾಗಿಸಲಿಲ್ಲ; ಮಲೆನಾಡಿನ ಮಳೆಗೆ, ಜಲಾಶಯದ ಆಯುಸ್ಸಿಗೆ ಮತ್ತು ಕೊನೆಭಾಗದ ರೈತನ ಹೊಲಕ್ಕೆ ಅದನ್ನು ವರ್ಗಾಯಿಸಿತು.

2023ರ ಮುಂಗಾರು ವಿಫಲವಾಗಿ ರಾಜ್ಯದ ಬಹುತೇಕ ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಮರುವರ್ಷ ಜಲಾಶಯ ತುಂಬಿ ನಿಂತಿದ್ದಾಗ ಆಗಸ್ಟ್ 10ರ ರಾತ್ರಿ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು ಕೊಚ್ಚಿಹೋಗಿ, ಅದನ್ನು ಸರಿಪಡಿಸಲು ಅಪಾರ ಪ್ರಮಾಣದ ನೀರನ್ನು ನದಿಗೆ ಬಿಡಬೇಕಾಯಿತು. ನಂತರದ ಮಳೆಯಿಂದ ಜಲಾಶಯ ಮತ್ತೆ ತುಂಬಿತಾದರೂ, ಲಕ್ಷಾಂತರ ಎಕರೆಯ ಬೆಳೆಸಾಲ, ಗಿರಣಿಗಳ ದುಡಿಮೆ ಬಂಡವಾಳ ಮತ್ತು ದಲಾಲಿ ಅಂಗಡಿಗಳ ಮುಂಗಡಗಳೆಲ್ಲ ಒಂದೇ ಹಳೆಯ ರಚನೆಯನ್ನು ನೆಚ್ಚಿಕೊಂಡಿವೆ ಎಂಬುದನ್ನು ಈ ಘಟನೆ ತೋರಿಸಿಕೊಟ್ಟಿತು. 2016ರಿಂದ ಜಾರಿಯಲ್ಲಿರುವ ಫಸಲ್ ಬಿಮಾ ಯೋಜನೆಯಲ್ಲಿ ಆಹಾರ ಬೆಳೆಗಳಿಗೆ ರೈತರು ಮುಂಗಾರಿನಲ್ಲಿ ವಿಮಾ ಮೊತ್ತದ ಶೇ 2, ಹಿಂಗಾರಿನಲ್ಲಿ ಶೇ 1.5 ಮಾತ್ರ ಕಂತು ಕಟ್ಟಿ ಉಳಿದುದನ್ನು ಸರ್ಕಾರಗಳು ಭರಿಸುತ್ತವೆ. ಆದರೆ ಬಾಯಿಮಾತಿನ ಲೀಜಿಗೆ ಭೂಮಿ ಪಡೆದು ದುಡಿಯುವವರ ಹೆಸರು ಪಹಣಿಯಲ್ಲಿ ಇಲ್ಲದ ಕಾರಣ ಬ್ಯಾಂಕ್ ಸಾಲವಾಗಲಿ ಈ ವಿಮೆಯಾಗಲಿ ಅವರಿಗೆ ಸುಲಭವಾಗಿ ದಕ್ಕುವುದಿಲ್ಲ.

ಇದೇ ಅವಧಿಯಲ್ಲಿ ದೇಶದ ಹಣಕಾಸು ವ್ಯವಸ್ಥೆಯೂ ಹವಾಮಾನದತ್ತ ಕಣ್ಣು ತೆರೆಯಿತು. ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ, ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಸ್ಥಾನಗಳಲ್ಲಿರುವ ಕಂಪನಿಗಳು ನೀರು, ಇಂಧನ, ತ್ಯಾಜ್ಯಗಳ ಲೆಕ್ಕವನ್ನು ಪ್ರತಿವರ್ಷ ಪ್ರಕಟಿಸುವುದನ್ನು 2022–23ರಿಂದ ಕಡ್ಡಾಯಗೊಳಿಸಿತು. ಪರಿಸರಕ್ಕೆ ಹಿತವಾದ ಕಾಮಗಾರಿಗಳಿಗೆಂದೇ ಸಾಲ ಎತ್ತುವ ಹಸಿರು ಬಾಂಡುಗಳನ್ನು ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಮೊದಲ ಬಾರಿಗೆ ಹೊರಡಿಸಿ, ಆ ಆರ್ಥಿಕ ವರ್ಷದಲ್ಲಿ 16,000 ಕೋಟಿ ರೂಪಾಯಿ ಸಂಗ್ರಹಿಸಿತು. ಬ್ಯಾಂಕುಗಳು ತಮ್ಮ ಸಾಲಗಳಲ್ಲಿ ಅಡಗಿರುವ ಹವಾಮಾನ ಅಪಾಯವನ್ನು ಬಹಿರಂಗಪಡಿಸಬೇಕೆಂಬ ಕರಡು ನಿಯಮಗಳನ್ನು ರಿಸರ್ವ್ ಬ್ಯಾಂಕ್ 2024ರ ಫೆಬ್ರುವರಿಯಲ್ಲಿ ಪ್ರಕಟಿಸಿತು.

ಅಪಾಯವನ್ನು ಅಳೆಯುವುದು ಅಗತ್ಯ, ಆದರೆ ಅಳತೆಯೇ ಪರಿಹಾರವಲ್ಲ. ಅಪಾಯ ಹೆಚ್ಚಿರುವ ಸೀಮೆಗೆ ಬ್ಯಾಂಕುಗಳು ಸಾಲ ಕಡಿಮೆ ಮಾಡಿದರೆ, ಇಲ್ಲವೇ ಬಡ್ಡಿ ಏರಿಸಿದರೆ, ಹೊಸ ಹೆಸರಿನಲ್ಲಿ ಹಳೆಯ ಸಾಹುಕಾರಿ ಲೆಕ್ಕವೇ ಮರಳುತ್ತದೆ. ಅದರ ಬದಲು ಬಸಿಗಾಲುವೆಗಳಿಗೆ, ಗೇಟುಗಳ ದುರಸ್ತಿಗೆ, ಕಡಿಮೆ ನೀರು ಬೇಡುವ ಕೂರಿಗೆ ಭತ್ತಕ್ಕೆ ಮತ್ತು ಬಿಳಿಜೋಳ, ಕಡಲೆಯಂಥ ಬೆಳೆಗಳ ಮಾರುಕಟ್ಟೆಗೆ ಬಂಡವಾಳ ಹರಿದರೆ ಮಾತ್ರ ಸಾಲ ಕೊಟ್ಟವರ ಹಣವೂ ಪಡೆದವರ ಭೂಮಿಯೂ ಉಳಿಯುತ್ತವೆ. ನಷ್ಟವನ್ನು ಕೊನೆಭಾಗದ ರೈತನೊಬ್ಬನ ಹೆಗಲಿಗೇ ಬಿಡುವ ಯಾವ ಹಣಕಾಸು ವ್ಯವಸ್ಥೆಯೂ ಈ ಸೀಮೆಯಲ್ಲಿ ಬಾಳಲಾರದು. ರೈತ, ಬ್ಯಾಂಕು, ಗಿರಣಿ ಮತ್ತು ಸರ್ಕಾರ ಅದನ್ನು ಹಂಚಿಕೊಳ್ಳುವ ವ್ಯವಸ್ಥೆಯೊಂದೇ ಇಲ್ಲಿ ಬಾಳಬಲ್ಲದು.